ಶಟರ್ ಎಳೆದ ಬಸ್ಸಿನ ಒಳಗಿನ ಗಾಳಿ: ಎರಡೂ ರಾಜ್ಯದ ಸಾರಿಗೆ ಸಾಹೇಬ್ರುಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕರ್ನಾಟಕ-ಕೇರಳದ ಗಡಿ ತಲಪಾಡಿಯ ಆಚೆ ಈಚೆ ಬಸ್ಸು ಓಡಿಸುವ, ಪರ್ಮಿಟು ಕೊಡುವ, ಬಸ್ಸಿನ ಫಿಟ್ನೆಸ್ ಪರೀಕ್ಷೆ ಮಾಡುವ ಎರಡೂ ಕಡೆಯ ಸಾಹೇಬ್ರುಗಳಿಗೆ, ಹಾಗೇ ಪ್ರೈವೇಟ್ ಬಸ್ಸಿನ ಧಣಿಗಳಿಗೂ ಸೇರಿಸಿ ಈ ಪತ್ರ. ವಿಷಯ, ಮಳೆಗೆ ಶಟರ್ ಹಾಕಿದ ಬಸ್ಸಲ್ಲಿ ಹೊಸ ಗಾಳಿ ಇಲ್ಲದೆ ರೋಗ ಹರಡುದು. ಕನ್ನಡದಲ್ಲಿ ಬರೆದದ್ದಕ್ಕೆ ಬೇಜಾರು ಮಾಡ್ಬೇಡಿ. ಸಂವಿಧಾನದ 350ನೇ ವಿಧಿ ಪ್ರಕಾರ ನಮ್ಮ ದೂರನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಕೊಡ್ಬಹುದು, ಕಾಸರಗೋಡಿನಲ್ಲಿ ಕನ್ನಡ ಬಳಕೆಯಲ್ಲಿ ಇಲ್ಲ ಅಂತ ಮಾತ್ರ ಹೇಳ್ಬೇಡಿ.

ನಾನು ಯಾರು ಅಂತ ಮೊದಲೇ ಹೇಳ್ತೇನೆ, ಇಲ್ಲಾಂದ್ರೆ ಇವನಿಗೆಂತ ಗೊತ್ತು ಅಂತ ಕೇಳ್ತೀರಿ. ನಾನು ಡಾಕ್ಟ್ರಲ್ಲ, ಸೈಂಟಿಸ್ಟೂ ಅಲ್ಲ. ಗಲ್ಫಿನಲ್ಲಿ ಹದಿನಾಲ್ಕು ವರ್ಷ ಎಸಿ ಡಕ್ಟಿನ, ಅಂದ್ರೆ ಗಾಳಿ ಹೋಗುವ ಕೊಳವೆಯ, ಕೆಲಸ ಮಾಡಿ ಊರಿಗೆ ಬಂದವ. ದೊಡ್ಡ ದೊಡ್ಡ ಬಿಲ್ಡಿಂಗಿಗೆ ಎಷ್ಟು ಹೊಸ ಗಾಳಿ ಒಳಗೆ ಬರ್ಬೇಕು, ಎಷ್ಟು ಹಳೇ ಗಾಳಿ ಹೊರಗೆ ಹೋಗ್ಬೇಕು ಅಂತ ಅಳೆಯುದೇ ನನ್ನ ಹೊಟ್ಟೆಪಾಡಾಗಿತ್ತು. ಬರುವಾಗ ಪೆಟ್ಟಿಗೆಯಲ್ಲಿ ಟ್ಯಾಂಗು, ಸೆಂಟು, ಮಕ್ಕಳಿಗೆ ಚಾಕ್ಲೇಟು ಎಲ್ಲಾ ತಂದೆ, ಅದರೊಟ್ಟಿಗೆ ಒಂದು ಹಳೇ ಕಾರ್ಬನ್ ಡೈಆಕ್ಸೈಡ್ ಮೀಟರೂ ತಂದೆ. ಅಂಗೈಯಷ್ಟು ದೊಡ್ಡದು, ನೋಡ್ಲಿಕ್ಕೆ ಅಲಾರಂ ಗಡಿಯಾರದ ಹಾಗೆ ಉಂಟು. ಊರಲ್ಲಿ ಇದ್ರಿಂದ ಎಂತ ಉಪಯೋಗ ಅಂತ ಹೆಂಡತಿ ನಗಾಡಿದ್ದಳು.

ಉಪಯೋಗ ಬಂತು. ಅಮ್ಮನಿಗೆ ಕೀಮೋ ಶುರುವಾಯ್ತು. 21 ದಿನಕ್ಕೊಮ್ಮೆ ಮಂಗಳೂರಿಗೆ ಹೋಗ್ಬೇಕು, ನಡುವೆ ರಕ್ತ ಪರೀಕ್ಷೆಗೆ ಬೇರೆ. ಕಾಸರಗೋಡಿನವರಿಗೆ ಮಂಗಳೂರು ಅಂದ್ರೆ ಆಸ್ಪತ್ರೆ, ಇದನ್ನು ನಾನು ನಿಮಗೆ ಹೇಳ್ಬೇಕಾಗಿಲ್ಲ. 2020ರ ಮಾರ್ಚ್ ಕೊನೆಗೆ ತಲಪಾಡಿಯಲ್ಲಿ ಗಡಿ ಬಂದ್ ಮಾಡಿ ಒಳದಾರಿಗಳಿಗೆ ಮಣ್ಣು ಸುರಿದಾಗ ಆಂಬುಲೆನ್ಸ್ ಆಚೆ ಹೋಗ್ಲಿಕ್ಕಾಗದೆ ಜನ ಸತ್ತದ್ದು, ಕೇಸು ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋದದ್ದು ಎಲ್ಲಾ ನಿಮ್ಮ ಫೈಲಿನಲ್ಲೇ ಉಂಟು. ಈಗ ಗಡಿ ತೆರೆದು ಉಂಟು, ಬಸ್ಸು ಓಡ್ತದೆ, ಸಂತೋಷ. ಆದ್ರೆ ಆ ಬಸ್ಸಲ್ಲಿ ಯಾರ್ಯಾರು ಇರ್ತಾರೆ ಅಂತ ಒಂದು ದಿನ ಕೂತು ನೋಡಿ. ಬೆಳಗ್ಗೆ ಏಳು ಗಂಟೆಯ ಬಸ್ಸಲ್ಲಿ ನಾಲ್ಕರಲ್ಲಿ ಒಬ್ಬನ ಕೈಯಲ್ಲಾದ್ರೂ ಆಸ್ಪತ್ರೆಯ ಫೈಲು ಅಥವಾ ಎಕ್ಸ್‌ರೇ ಕವರು ಇರ್ತದೆ. ಎರಡು ವಾರದಿಂದ ಕೆಮ್ಮು ಅಂತ ಹೋಗುವವನೂ ಅದೇ ಬಸ್ಸಲ್ಲಿ, ಕಿಡ್ನಿ ಬದಲಾಯಿಸಿ ರೋಗ ತಡೆಯುವ ಶಕ್ತಿ ತಗ್ಗಿಸುವ ಮಾತ್ರೆ ತಿಂತಾ ಇರುವವನೂ ಅದೇ ಬಸ್ಸಲ್ಲಿ, ರೋಗ ತಡೆಯುವ ಬಿಳಿ ರಕ್ತಕಣ ಇಳಿದು ಹೋದ ನನ್ನಮ್ಮನೂ ಅದೇ ಬಸ್ಸಲ್ಲಿ. ಜನ ಸೇರುವಲ್ಲಿ ಹೋಗ್ಬೇಡಿ ಅಂತ ಡಾಕ್ಟ್ರು ಹೇಳ್ತಾರೆ. ಆ ಡಾಕ್ಟ್ರ ಹತ್ರ ಹೋಗ್ಲಿಕ್ಕೇ ಜನ ಸೇರಿದ ಬಸ್ಸು ಹತ್ಬೇಕು. ಪ್ರತಿ ಸಲ ಕಾರು ಮಾಡ್ಲಿಕ್ಕೆ ನಮ್ಮ ಕೈಯಲ್ಲಿ ಆಗುದಿಲ್ಲ.

ಕಳೆದ ಆಟಿಯಲ್ಲಿ, ಅಂದ್ರೆ ಜೋರು ಮಳೆಯ ತಿಂಗಳಲ್ಲಿ, ನಡೆದದ್ದು ಹೇಳ್ತೇನೆ, ಯಾವ ಬಸ್ಸು ಯಾವ ಕಂಪೆನಿ ಅಂತ ಬೇಡ, ಎಲ್ಲದ್ರದ್ದೂ ಒಂದೇ ಕಥೆ. ಕಾಸರಗೋಡಿನಿಂದ ಹೊರಡುವಾಗ ಮಳೆ ಬಿಟ್ಟಿತ್ತು. ನಮ್ಮ ಕಡೆಯ ಬಸ್ಸುಗಳಿಗೆ ಗ್ಲಾಸು ಇರುದು ಕಮ್ಮಿ, ಕಿಟಕಿಗೆ ಸುತ್ತಿ ಮೇಲೆ ಕಟ್ಟುವ ಟರ್ಪಾಲಿನ ಶಟರು ಅಲ್ವಾ, ಅದೆಲ್ಲ ಮೇಲೆಯೇ ಇತ್ತು. ಬಸ್ಸು ಓಡುವಾಗ ಒಳ್ಳೆ ಗಾಳಿ, ಅಮ್ಮ ಸೆರಗನ್ನು ತಲೆಗೆ ಸುತ್ತಿಕೊಂಡು ಕೂತಿದ್ರು. ಮೀಟರ್ ತೆಗೆದು ತೊಡೆಯ ಮೇಲೆ ಇಟ್ಟೆ. ಸಾವಿರದ ಹತ್ರ ತೋರಿಸ್ತಾ ಇತ್ತು, ಬಸ್ಸು ಫುಲ್ ಇದ್ರೂ. ಅಂದ್ರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸಾವಿರ ಭಾಗ ಕಾರ್ಬನ್ ಡೈಆಕ್ಸೈಡ್. ಹೊರಗಿನ ಶುದ್ಧ ಗಾಳಿಯಲ್ಲಿ 420ರ ಆಸುಪಾಸು ಇರ್ತದೆ, ಹಾಗಾಗಿ ಜನ ತುಂಬಿದ ಬಸ್ಸಿಗೆ ಸಾವಿರ ಅಂದ್ರೆ ಏನೂ ತೊಂದ್ರೆ ಇಲ್ಲ. ಮೊಗ್ರಾಲ್ ದಾಟುವಾಗ ಹಿಡೀತು ನೋಡಿ ಮಳೆ. ಫಟಫಟ ಅಂತ ಎಲ್ಲಾ ಶಟರು ಕೆಳಗೆ. ಒಳಗೆ ಕತ್ತಲೆ, ಬೆವರಿನ ವಾಸನೆ, ಒದ್ದೆ ಕೊಡೆಗಳಿಂದ ಕಾಲಬುಡಕ್ಕೆ ನೀರು. ಕುಂಬಳೆಯಲ್ಲಿ ಇನ್ನೂ ಹತ್ತು ಹದಿನೈದು ಜನ ಹತ್ತಿದ್ರು. ಮೀಟರಿನ ನಂಬರು ಎರಡು ಸಾವಿರ, ಮೂರು ಸಾವಿರ, ಬಂದ್ಯೋಡು ಬರುವಾಗ ನಾಲ್ಕು ಸಾವಿರ.

ಅಷ್ಟೊತ್ತಿಗೆ ನಡುವಿನ ಸೀಟಲ್ಲಿ ಒಬ್ರು ಕೆಮ್ಲಿಕ್ಕೆ ಶುರು ಮಾಡಿದ್ರು. ವಯಸ್ಸಾದವರು, ಪಾಪ, ಬೈರಾಸು ಬಾಯಿಗೆ ಒತ್ತಿ ಹಿಡಿದು ಕೆಮ್ತಾ ಇದ್ದಾರೆ, ಸುತ್ತ ಇದ್ದವರೆಲ್ಲ ದುರುಗುಟ್ಟಿ ನೋಡುದು, ಪಕ್ಕದವ ಎದ್ದೇ ಹೋದ. ನನಗೆ ಆ ಮನುಷ್ಯನ ಮೇಲೆ ಸಿಟ್ಟು ಬರ್ಲಿಲ್ಲ. ಅವ್ರೂ ಆಸ್ಪತ್ರೆಗೇ ಹೋಗುದು. ಆ ಬೈರಾಸಿನಿಂದ ಆಗುವಷ್ಟು ಅವ್ರು ಮಾಡ್ತಾ ಇದ್ರು, ಉಳಿದದ್ದು ಬಸ್ಸು ಮಾಡ್ಬೇಕಿತ್ತು, ಬಸ್ಸು ಮಾಡ್ಲಿಲ್ಲ.

ಕಾರ್ಬನ್ ಡೈಆಕ್ಸೈಡಿನಿಂದ ಯಾರಿಗೂ ರೋಗ ಬರುದಿಲ್ಲ, ಅದನ್ನು ನಾನು ಹೇಳ್ತಾ ಇಲ್ಲ. ಅದು ನಾವು ಬಿಟ್ಟ ಉಸಿರಿನ ಗುರುತು ಅಷ್ಟೆ. ನಾವು ಹೊರಗೆ ಬಿಡುವ ಉಸಿರಿನಲ್ಲಿ ಸುಮಾರು ನೂರಕ್ಕೆ ನಾಲ್ಕು ಭಾಗ ಅದು, ಅಂದ್ರೆ ಮೀಟರಿನ ಲೆಕ್ಕದಲ್ಲಿ 40,000. ಒಳಗಿನ ಗಾಳಿ 4,000 ತೋರಿಸಿದ್ರೆ ಅದ್ರಲ್ಲಿ ಹೊರಗಿನ 420 ಕಳೀರಿ, ಉಳಿದದ್ದನ್ನು 40,000ದಿಂದ ಭಾಗ ಮಾಡಿ. ನೂರಕ್ಕೆ ಒಂಬತ್ತು ಬರ್ತದೆ. ಅಂದ್ರೆ ಬಂದ್ಯೋಡಿನಲ್ಲಿ ನಾವು ಎಳೆದ ಪ್ರತಿ ಹನ್ನೊಂದು ಉಸಿರಿನಲ್ಲಿ ಒಂದು ಉಸಿರು ಬಸ್ಸಲ್ಲಿ ಬೇರೆ ಯಾರೋ ಆಗಲೇ ಎಳೆದು ಬಿಟ್ಟದ್ದು. ಎಂಜಲು ಕಾಫಿ ಕುಡೀತೀರಾ ಅಂತ ಕೇಳಿದ್ರೆ ಛೀ ಅಂತೇವೆ. ಈ ಲೆಕ್ಕ ನನ್ನ ತಲೆಯಿಂದ ಹುಟ್ಟಿದ್ದಲ್ಲ, ರಡ್ನಿಕ್ ಮತ್ತು ಮಿಲ್ಟನ್ ಅಂತ ಇಬ್ರು 2003ರಲ್ಲೇ ಇದನ್ನು ಬರೆದಿಟ್ಟಿದ್ದಾರೆ, ಕೋವಿಡ್ ಬರುವ ಎಷ್ಟೋ ವರ್ಷ ಮೊದಲು.

ಅದಕ್ಕೂ ಹಿಂದಿನ ಕಥೆ ಇನ್ನೂ ಉಂಟು. ಅಮೇರಿಕಾದಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಶಾಲೆಯಲ್ಲಿ ಒಂದು ಮಗುವಿನಿಂದ 28 ಮಕ್ಕಳಿಗೆ ದಡಾರ ಬಂತು. ಆಶ್ಚರ್ಯ ಎಂತ ಅಂದ್ರೆ ಅದ್ರಲ್ಲಿ ತುಂಬಾ ಮಕ್ಕಳು ಆ ಮಗುವಿನ ಕ್ಲಾಸಿನವರೇ ಅಲ್ಲ, ಬೇರೆ ಬೇರೆ ರೂಮಿನವರು. ಕೊನೆಗೆ ನೋಡಿದ್ರೆ ಶಾಲೆಯ ಡಕ್ಟು ಒಳಗಿನ ಗಾಳಿಯನ್ನೇ ತಿರುಗಿಸಿ ತಿರುಗಿಸಿ ಎಲ್ಲಾ ರೂಮಿಗೆ ಹಂಚ್ತಾ ಇತ್ತು. ನನ್ನಂಥ ಡಕ್ಟ್ ಕೆಲಸದವನಿಗೆ ಇದು ಕೇಳುವಾಗ ಮೈ ಜುಂ ಅಂತದೆ. ರೈಲಿ ಅನ್ನುವವರು 1978ರಲ್ಲಿ ಇದ್ರ ಲೆಕ್ಕ ಹಾಕಿ ಒಂದು ಸೂತ್ರ ಕೊಟ್ರು, ಅವ್ರಿಗಿಂತ ಮೊದಲು ವೆಲ್ಸ್ ಅನ್ನುವವರು ಹಾಕಿದ ಅಡಿಪಾಯದ ಮೇಲೆ. ವೆಲ್ಸ್-ರೈಲಿ ಅಂತಲೇ ಅದ್ರ ಹೆಸರು. ಸೂತ್ರ ಅಂದ ಕೂಡ್ಲೆ ಹೆದರ್ಬೇಡಿ, ನಮ್ಮ ಅಡಿಗೆಮನೆ ಲೆಕ್ಕವೇ. ಮೇಲೆ ನಾಲ್ಕು ವಿಷಯ ಗುಣಿಸ್ಬೇಕು: ರೋಗ ಇರುವವರು ಎಷ್ಟು ಜನ, ಅವ್ರು ಗಂಟೆಗೆ ಎಷ್ಟು ರೋಗಾಣು ಬಿಡ್ತಾರೆ, ನಾವು ಗಂಟೆಗೆ ಎಷ್ಟು ಗಾಳಿ ಎಳೀತೇವೆ, ಎಷ್ಟು ಹೊತ್ತು ಒಟ್ಟಿಗೆ ಇರ್ತೇವೆ. ಕೆಳಗೆ ಒಂದೇ: ಹೊಸ ಗಾಳಿ ಗಂಟೆಗೆ ಎಷ್ಟು ಬರ್ತದೆ. ಮೇಲಿದ್ದದ್ದನ್ನು ಕೆಳಗಿದ್ದದ್ರಿಂದ ಭಾಗಿಸಿ. ರೋಗಾಣುವನ್ನು ಅವ್ರು ಒಂದೊಂದಾಗಿ ಎಣಿಸುದಿಲ್ಲ, 'ಕ್ವಾಂಟಾ' ಅಂತ ಕಟ್ಟು ಕಟ್ಟಾಗಿ ಎಣಿಸ್ತಾರೆ, ತಲೆಗೊಂದು ಕಟ್ಟು ಒಳಗೆ ಹೋದ್ರೆ ನೂರರಲ್ಲಿ 63 ಜನಕ್ಕೆ ರೋಗ ಹಿಡೀತದೆ ಅಂತ ಅರ್ಥ.

ಈಗ ಆ ಮೇಲಿನ ನಾಲ್ಕರಲ್ಲಿ ನಿಮ್ಮ ಕೈಯಲ್ಲಿ ಯಾವುದುಂಟು ಹೇಳಿ. ಯಾರಿಗೆ ರೋಗ ಉಂಟು ಅಂತ ಕಂಡಕ್ಟರಿಗೆ ಗೊತ್ತಾಗುದಿಲ್ಲ. ಉಸಿರು ಎಳೀಬೇಡಿ ಅಂತ ಹೇಳ್ಲಿಕ್ಕಾಗುದಿಲ್ಲ. ಹೊತ್ತು ಕಮ್ಮಿ ಮಾಡುವ ಅಂದ್ರೆ ಐವತ್ತು ಕಿಲೋಮೀಟರ್ ದಾರಿ, ಹೈವೇ ಕೆಲಸ, ಅಲ್ಲಲ್ಲಿ ಬ್ಲಾಕು, ಒಂದೂವರೆ ಗಂಟೆ ಬೇಕೇ ಬೇಕು. ಉಳಿದದ್ದು ಕೆಳಗಿನ ಆ ಒಂದು ನಂಬರು, ಗಾಳಿ. ಅದು ಪೂರಾ ನಿಮ್ಮ ಕೈಯಲ್ಲಿ.

ನಾನು ಕೂತು ಹಾಕಿದ ಲೆಕ್ಕ ಹೇಳ್ತೇನೆ, ತಪ್ಪಿದ್ರೆ ತಿದ್ದಿ. ಬಸ್ಸಿನ ಒಳಗೆ ಉದ್ದ ಅಗಲ ಎತ್ತರ ಟೇಪಲ್ಲಿ ಹಿಡಿದು ನೋಡಿದ್ರೆ ಸುಮಾರು 44 ಕ್ಯೂಬಿಕ್ ಮೀಟರ್ ಗಾಳಿ. ಅರವತ್ತು ಜನ ಅಂತ ಇಟ್ಕೊಳ್ಳಿ. ಸುಮ್ನೆ ಕೂತ ಒಬ್ಬ ಗಂಟೆಗೆ ಸುಮಾರು 18 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡ್ತಾನೆ. ಮೀಟರ್ 4,000ದಲ್ಲಿ ನಿಂತದೆ ಅಂದ್ರೆ ಹಿಂದೆ ಲೆಕ್ಕ ಹಾಕಿದ್ರೆ ಗಂಟೆಗೆ 300 ಕ್ಯೂಬಿಕ್ ಮೀಟರ್ ಹೊಸ ಗಾಳಿ ಶಟರಿನ ಸಂದಿಯಿಂದ, ಬಾಗಿಲಿನಿಂದ ಹೇಗೋ ಒಳಗೆ ಬರ್ತಾ ಉಂಟು, ಅಂದ್ರೆ ಗಂಟೆಗೆ ಏಳು ಸಲ ಬಸ್ಸಿನ ಗಾಳಿ ಬದಲಾಗ್ತದೆ. ಶಟರ್ ಮೇಲಿದ್ದಾಗ ಸಾವಿರ ಇತ್ತಲ್ಲ, ಅದಕ್ಕೆ ಲೆಕ್ಕ ಹಾಕಿದ್ರೆ 40 ಸಲ. ಈಗ ಒಬ್ಬ ರೋಗಿ, ಗಂಟೆಗೆ ಹತ್ತು ಕಟ್ಟು ರೋಗಾಣು ಬಿಡ್ತಾನೆ, ನಾವು ಗಂಟೆಗೆ ಅರ್ಧ ಕ್ಯೂಬಿಕ್ ಮೀಟರ್ ಗಾಳಿ ಎಳೀತೇವೆ, ಒಂದೂವರೆ ಗಂಟೆ ದಾರಿ. ಶಟರ್ ಹಾಕಿದ ಬಸ್ಸಲ್ಲಿ ಉಳಿದ 59 ಜನರಲ್ಲಿ ಸರಾಸರಿ ಒಂದೂವರೆ ಜನಕ್ಕೆ ಹಿಡೀತದೆ, ಅಂದ್ರೆ ಎರಡು ಟ್ರಿಪ್ಪಿಗೆ ಮೂರು ಜನ. ಶಟರ್ ಮೇಲಿರುವ ಬಸ್ಸಲ್ಲಿ ನಾಲ್ಕು ಟ್ರಿಪ್ಪಿಗೆ ಒಬ್ಬ. ಅದೇ ಬಸ್ಸು, ಅದೇ ರೋಗಿ, ಅದೇ ಟಿಕೇಟು. ಹತ್ತು ಕಟ್ಟು ಅನ್ನುದು ನಾನು ಇಟ್ಟ ಅಂದಾಜು, ರೋಗ ಯಾವುದು, ಆ ಮನುಷ್ಯ ಮಾತಾಡ್ತಾನಾ ಸುಮ್ನೆ ಕೂತಿದ್ದಾನಾ ಅದ್ರ ಮೇಲೆ ಅದು ಎಷ್ಟೋ ಏರಿಳೀತದೆ. ಐವತ್ತು ಕಟ್ಟು ಅಂತ ಇಟ್ರೆ ಶಟರ್ ಬಸ್ಸಲ್ಲಿ ಏಳು ಜನ. ಆದ್ರೆ ಅಂದಾಜು ತೀರಾ ದೊಡ್ಡದು ಇಡದಿದ್ರೆ, ಶಟರ್ ಹಾಕಿದ್ದಕ್ಕೂ ತೆಗೆದದ್ದಕ್ಕೂ ನಡುವಿನ ಐದಾರು ಪಟ್ಟು ವ್ಯತ್ಯಾಸ ಹಾಗೇ ನಿಲ್ತದೆ, ನನಗೆ ಬೇಕಾದದ್ದು ಅದೊಂದೇ.

ಈ ಸೂತ್ರದಲ್ಲಿ ಒಂದು ದೋಷ ಉಂಟು, ಮುಚ್ಚಿಡುದಿಲ್ಲ. ಬಸ್ಸಿನ ಗಾಳಿ ಎಲ್ಲಾ ಕಡೆ ಒಂದೇ ಹಾಗೆ ಬೆರೆತಿರ್ತದೆ ಅಂತ ಅದು ನಂಬ್ತದೆ, ಪಾಯಸಕ್ಕೆ ಬೆಲ್ಲ ಬೆರೆತ ಹಾಗೆ. ನಿಜಕ್ಕೆ ಕೆಮ್ಮುವವನ ಪಕ್ಕದಲ್ಲಿ ಕೂತವನಿಗೆ ಜಾಸ್ತಿ, ಕೊನೆ ಸೀಟಿನವನಿಗೆ ಕಮ್ಮಿ. ಅದನ್ನು ನೋಡ್ಲಿಕ್ಕೆ ಕಂಪ್ಯೂಟರಿನಲ್ಲಿ ಗಾಳಿಯ ಹರಿವನ್ನೇ ಬಿಡಿಸುವ ಮಾಡೆಲ್ ಬೇಕು. ಅಮೇರಿಕಾದ ಬ್ರೌನ್ ಯೂನಿವರ್ಸಿಟಿಯವರು ಕೋವಿಡ್ ಕಾಲದಲ್ಲಿ ಕಾರಿಗೆ ಅಂಥದ್ದು ಮಾಡಿದ್ರು. ಓಡುವ ಕಾರಲ್ಲಿ ಗಾಳಿ ಹಿಂದಿನ ಕಿಟಕಿಯಿಂದ ಒಳಗೆ ಬಂದು ಮುಂದಿನ ಕಿಟಕಿಯಿಂದ ಹೊರಗೆ ಹೋಗ್ತದಂತೆ, ನಾವು ಅಂದ್ಕೊಂಡದ್ದಕ್ಕೆ ಉಲ್ಟಾ. ಎರಡೇ ಕಿಟಕಿ ತೆರೀಲಿಕ್ಕೆ ಆಗುದಾದ್ರೆ ನಮ್ಮ ಪಕ್ಕದ್ದಲ್ಲ, ಎದುರು ಬದಿಯದ್ದು ತೆರೆದ್ರೆ ಒಳ್ಳೇದು ಅಂತ ಬಂತು. ನಮ್ಮ ಟರ್ಪಾಲ್ ಶಟರಿನ ಬಸ್ಸಿಗೆ ಅಂಥದ್ದೊಂದು ಮಾಡ್ಲಿಕ್ಕೆ ಈ ಕರಾವಳಿಯಲ್ಲೇ ಎಷ್ಟು ಇಂಜಿನಿಯರಿಂಗ್ ಕಾಲೇಜು ಉಂಟು ಮಾರಾಯ್ರೆ, ಪ್ರಾಜೆಕ್ಟ್ ಎಂತ ಮಾಡುದು ಅಂತ ಮಕ್ಕಳು ತಲೆ ಕೆರ್ಕೊಳ್ತಾ ಇರ್ತಾರೆ.

ಇದೆಲ್ಲ ಲೆಕ್ಕದಲ್ಲಿ ಮಾತ್ರ ಇರುದು ಅಂತ ಹೇಳುವವರಿಗೆ ಚೀನಾದ ನಿಂಗ್ಬೋದ ಕಥೆ ಹೇಳ್ತೇನೆ. 2020ರ ಜನವರಿ 19, ಎರಡು ಬಸ್ಸಲ್ಲಿ ಜನ ಒಂದು ಪೂಜೆಗೆ ಹೋದದ್ದು, ಒಂದರಲ್ಲಿ 60, ಇನ್ನೊಂದರಲ್ಲಿ 68. ಹೋಗುದು ಬರುದು ಸೇರಿ ನೂರು ನಿಮಿಷ. ಎರಡನೇ ಬಸ್ಸಲ್ಲಿ ಒಬ್ಬರಿಗೆ ಕೋವಿಡ್ ಸೋಂಕಿತ್ತು, ಬಸ್ಸಿನ ಎಸಿ ಒಳಗಿನ ಗಾಳಿಯನ್ನೇ ತಿರುಗಿಸುವ ಮೋಡಿನಲ್ಲಿತ್ತು. ಆ ಬಸ್ಸಲ್ಲಿ ಅವರನ್ನೂ ಸೇರಿಸಿ 24 ಜನಕ್ಕೆ ಸೋಂಕು. ಮೊದಲ ಬಸ್ಸಲ್ಲಿ ಒಬ್ಬರಿಗೂ ಇಲ್ಲ. ಪಕ್ಕದ ಸೀಟು ಮಾತ್ರ ಅಲ್ಲ, ದೂರದ ಸೀಟಿನವರಿಗೂ ಬಂತು, ತೆರೆಯುವ ಕಿಟಕಿಯ ಹತ್ರ, ಬಾಗಿಲಿನ ಹತ್ರ ಇದ್ದವರು ಹೆಚ್ಚಿನಂಶ ಪಾರಾದ್ರು. ಅದೇ ತಿಂಗಳು ಕಳೆದು ಫೆಬ್ರವರಿಯಲ್ಲಿ ದೇಶದ ಮೂರನೇ ಕೋವಿಡ್ ಕೇಸು ನಮ್ಮ ಕಾಸರಗೋಡು ಜಿಲ್ಲೆಯಲ್ಲೇ ಸಿಕ್ಕಿತು. ಮತ್ತೆ ನಾವು ಮಾಡಿದ್ದೆಂತ, ಸೀಟಿಗೆ ಬ್ಲೀಚಿಂಗ್ ನೀರು ಹೊಡೆದದ್ದು, ಕಂಬಿಗೆ ಸ್ಯಾನಿಟೈಸರ್ ಒರೆಸಿದ್ದು. ಗಾಳಿಯಲ್ಲಿ ಇದ್ದ ಕಳ್ಳನನ್ನು ಸೀಟಿನ ಅಡಿಯಲ್ಲಿ ಹುಡುಕಿದ ಹಾಗಾಯ್ತು.

ಕೋವಿಡ್ ಮುಗೀತಲ್ಲ ಈಗ ಎಂತಕ್ಕೆ ಅಂತೀರಿ. ಟಿಬಿ ಮುಗಿದಿಲ್ಲ. ಲೋಕದ ಟಿಬಿ ರೋಗಿಗಳಲ್ಲಿ ಕಾಲಂಶ ನಮ್ಮ ದೇಶದವರು, ಟಿಬಿ ಹರಡುದು ಗಾಳಿಯಲ್ಲೇ, ಮಾತ್ರೆ ಶುರುವಾಗುವ ಮೊದಲೇ ಜಾಸ್ತಿ ಹರಡುದು, ಅಂದ್ರೆ ಎಂತ ಕೆಮ್ಮು ಅಂತ ತೋರಿಸ್ಲಿಕ್ಕೆ ಬಸ್ಸಲ್ಲಿ ಹೋಗುವಾಗಲೇ. ದಡಾರ, ಫ್ಲೂ, ಸೀತಾಳೆ ಸಿಡುಬು ಎಲ್ಲದಕ್ಕೂ ಇದೇ ಗಾಳಿ. ಆರೋಗ್ಯವಂತರಿಗೆ ನಾಲ್ಕು ದಿನದ ಜ್ವರ, ಅಮ್ಮನಂಥವರಿಗೆ ಐಸಿಯು.

ಎಸಿ ಬಸ್ಸಿನ ವಿಷಯ. ಅದ್ರಲ್ಲಿ ಕೂತ್ರೆ ಒಳ್ಳೆ ಗಾಳಿ ಅಂತ ಜನ ಅಂದ್ಕೊಳ್ತಾರೆ, ತಂಪು ಬೇರೆ, ಹೊಸ ಗಾಳಿ ಬೇರೆ. ಬಹಳಷ್ಟು ಬಸ್ಸಲ್ಲಿ ಮೇಲಿನ ಜಾಲಿ ಬಸ್ಸಿನ ಗಾಳಿಯನ್ನೇ ಎಳೆದು ತಂಪು ಮಾಡಿ ಬದಿಯಿಂದ ವಾಪಸ್ ಬಿಡುದು, ಆ ಜಾಲಿಯ ಫಿಲ್ಟರು ಧೂಳಿಗೆ ಇರುದು, ವೈರಸ್ಸಿಗೆ ಅದು ಮೀನಿನ ಬಲೆಯಲ್ಲಿ ಸೊಳ್ಳೆ ಹಿಡಿದ ಹಾಗೆ. ಹೊರಗಿನ ಗಾಳಿ ಒಳಗೆ ಬಿಡ್ಲಿಕ್ಕೆ ಫ್ರೆಶ್ ಏರ್ ಡ್ಯಾಂಪರ್ ಅಂತ ಒಂದು ಮುಚ್ಚಳ ಇದ್ರೂ ಅದನ್ನು ಮುಚ್ಚಿಟ್ಟಿರ್ತಾರೆ. ಯಾಕಂತ ನನಗೆ ಗೊತ್ತು, ನಾನೇ ಎಷ್ಟೋ ಕಡೆ ಸೂಪರ್‌ವೈಸರ್ ಹೇಳಿದ್ರು ಅಂತ ಮುಚ್ಚಿದ್ದೇನೆ. ನಮ್ಮ ಕರಾವಳಿಯ ಒದ್ದೆ ಗಾಳಿಯನ್ನು ಒಳಗೆ ತೆಗೊಂಡ್ರೆ ಅದ್ರ ನೀರು ಹಿಂಡ್ಲಿಕ್ಕೇ ಕಂಪ್ರೆಸರಿಗೆ ಅರ್ಧ ಜೀವ ಹೋಗ್ತದೆ, ಡೀಸೆಲ್ ಸುಡ್ತದೆ. ಖರ್ಚು ಉಂಟು, ಇಲ್ಲ ಅಂತ ಹೇಳುದಿಲ್ಲ. ಆದ್ರೆ ಆ ಡ್ಯಾಂಪರ್ ತೆರೆದು ಉಂಟಾ ಅಂತ ಫಿಟ್ನೆಸ್ ದಿನ ಒಂದು ಸಲ ಕೈ ಹಾಕಿ ನೋಡ್ಲಿಕ್ಕೆ ಖರ್ಚಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ಆಫೀಸು, ಅಂಗಡಿಯಂಥ ಕಡೆಗಳಲ್ಲಿ ತಲೆಗೆ ಸೆಕೆಂಡಿಗೆ ಹತ್ತು ಲೀಟರ್ ಹೊಸ ಗಾಳಿ ಬೇಕು ಅಂತ. ಅದನ್ನೇ ಬಸ್ಸಿಗೆ ಹಿಡಿದ್ರೆ ಅರವತ್ತು ಜನಕ್ಕೆ ಗಂಟೆಗೆ 49 ಸಲ ಗಾಳಿ ಬದಲಾಗ್ಬೇಕು. ಮಳೆಯಲ್ಲಿ ಅದು ಆಗುವ ಮಾತಲ್ಲ, ನನಗೂ ಗೊತ್ತು. ಶಟರ್ ತೆರೀರಿ ಅಂತ ಕೇಳ್ಲಿಕ್ಕೆ ನನಗೇನು ಮರ್ಲಾ, ಆಟಿಯ ಮಳೆ ಅಡ್ಡ ಹೊಡೀತದೆ, ಅಮ್ಮನೇ ಮೊದಲು ಬೈತಾರೆ. ನಾನು ಕೇಳುದು ಪೂರಾ ಅಲ್ಲ, ಸ್ವಲ್ಪ. ಭಾಗಾಕಾರದ ಗುಣ ಅದು, ಮೊದಲು ಕೊಡುವ ಸ್ವಲ್ಪ ಗಾಳಿಯಿಂದಲೇ ಹೆಚ್ಚು ಲಾಭ ಸಿಗುದು. ಅದೇ ದಿನ ಉಪ್ಪಳದಲ್ಲಿ ನಾನು ಕಂಡಕ್ಟರ್ ಹತ್ರ ಹೋಗಿ, ಚೇಟಾ ಆ ಮೇಲಿನ ಹ್ಯಾಚ್ (ಬಸ್ಸಿನ ಮಾಡಿನ ಮುಚ್ಚಳ) ಒಂದು ಗೇಣು ಎತ್ತಬಹುದಾ, ಹಿಂದಿನ ಸೀಟಿನ ಎರಡು ಶಟರ್ ಅರ್ಧ ಸುತ್ತಬಹುದಾ ಅಂತ ನನ್ನ ಹರುಕುಮುರುಕು ಮಲಯಾಳಂನಲ್ಲಿ ಕೇಳಿದೆ. ಅವ ನನ್ನ ಮೀಟರ್ ನೋಡಿ ಇದೆಂತ ಬಾಂಬಾ ಅಂತ ಕೇಳಿದ, ಆದ್ರೂ ಒಳ್ಳೆ ಮನುಷ್ಯ, ಎತ್ತಿದ. ಹ್ಯಾಚಿಗೆ ತುಕ್ಕು ಹಿಡಿದು ಎರಡು ಗುದ್ದು ಗುದ್ದಬೇಕಾಯ್ತು. ನಾಲ್ಕು ಹನಿ ನೀರು ಒಳಗೆ ಬಿತ್ತು, ಅಷ್ಟೆ. ಹೊಸಂಗಡಿ ದಾಟುವಾಗ ಮೀಟರು ಎರಡು ಸಾವಿರಕ್ಕೆ ಇಳಿದಿತ್ತು. ಅದಕ್ಕೆ ಲೆಕ್ಕ ಹಾಕಿದ್ರೆ ಗಾಳಿ ಎರಡು ಪಟ್ಟಿಗಿಂತ ಜಾಸ್ತಿ, ರೋಗ ಹಿಡಿಯುವ ಲೆಕ್ಕ ಅರ್ಧಕ್ಕಿಂತ ಕೆಳಗೆ. ಇನ್ನೊಂದು ವಿಷಯ, ಕೆಮ್ಮಿದವ ಇಳಿದು ಹೋದ ಮೇಲೂ ಅವನ ಗಾಳಿ ಬಸ್ಸಲ್ಲೇ ಇರ್ತದೆ, ಶಟರ್ ಹಾಕಿದ ಬಸ್ಸಲ್ಲಿ ಎಂಟೊಂಬತ್ತು ನಿಮಿಷ ಕಳೆದ್ರೂ ಮೂರನೇ ಒಂದಂಶಕ್ಕಿಂತ ಜಾಸ್ತಿ ಉಳೀತದೆ, ತೆರೆದ ಬಸ್ಸಲ್ಲಿ ಒಂದೂವರೆ ನಿಮಿಷಕ್ಕೇ ಆ ಮಟ್ಟಕ್ಕೆ ಇಳೀತದೆ.

ಮತ್ತೆ ತಲಪಾಡಿ ಟೋಲಿನ ಕ್ಯೂನಲ್ಲಿ ಬಸ್ಸು ನಿಂತಿತು, ಮೀಟರ್ ವಾಪಸ್ ಏರ್ಲಿಕ್ಕೆ ಶುರು. ನಿಂತ ಬಸ್ಸಿಗೆ ಓಟದ ಗಾಳಿ ಇಲ್ಲ. ಟೋಲಲ್ಲಿ, ಸ್ಟ್ಯಾಂಡಿನಲ್ಲಿ, ಹೈವೇ ಬ್ಲಾಕಿನಲ್ಲಿ ನಿಂತಾಗ ಎರಡೂ ಬಾಗಿಲು ತೆರೆದಿಡಿ ಅಂತ ಒಂದು ಮಾತು ಡ್ರೈವರಿಗೆ ಹೇಳಿದ್ರೆ ಸಾಕಲ್ವಾ.

ಹಾಗಾಗಿ ಸಾಹೇಬ್ರೇ ನಾನು ಕೇಳುದು ದೊಡ್ಡದೇನೂ ಅಲ್ಲ. ಮೇಲಿನ ಹ್ಯಾಚ್ ತೆರೀತದಾ ಅಂತ ಫಿಟ್ನೆಸ್‌ನಲ್ಲಿ ನೋಡಿ, ತುಕ್ಕು ಹಿಡಿದಿದ್ರೆ ಪಾಸ್ ಮಾಡ್ಬೇಡಿ. ಹ್ಯಾಚಿನ ಮೇಲೆ, ಹಿಂದಿನ ಎರಡು ಕಿಟಕಿಯ ಮೇಲೆ ಮಳೆ ಒಳಗೆ ಬೀಳದ ಹಾಗೆ ಒಂದು ಸಣ್ಣ ತಗಡಿನ ಮಾಡು ಕೊಡಿ, ನಮ್ಮ ಊರಿನ ವೆಲ್ಡಿಂಗ್ ಶಾಪಿನವ ಅರ್ಧ ದಿನದಲ್ಲಿ ಮಾಡ್ತಾನೆ. ಎಸಿ ಬಸ್ಸಿನ ಡ್ಯಾಂಪರ್ ವಿಷಯ ಆಗಲೇ ಹೇಳಿದೆ. ಬರೆದು ಅಂಟಿಸುದಾದ್ರೆ ಮಲಯಾಳಂ ಜೊತೆ ಕನ್ನಡದಲ್ಲೂ ಅಂಟಿಸಿ, ಶಟರ್ ಎಳೆಯುವ ಕೈ ಹೆಚ್ಚಿನ ದಿನ ನಮ್ಮದೇ. ಮತ್ತೆ ಈ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಒಂದೇ ರೂಟಲ್ಲಿ ನಾಲ್ಕು ಬಸ್ಸಿಗೆ ಮೀಟರ್ ಇಟ್ಟು ಅಳೀರಿ, ಎರಡು ಹೀಗೇ ಓಡ್ಲಿ, ಎರಡಕ್ಕೆ ಆ ತಗಡಿನ ಮಾಡು ಕೊಟ್ಟು ಓಡಿಸಿ. ಲೆಕ್ಕ ಹಾಕ್ಲಿಕ್ಕೆ ಯಾರನ್ನೂ ಕರೆಸ್ಬೇಕಾಗಿಲ್ಲ, ವಿಶ್ವ ಆರೋಗ್ಯ ಸಂಸ್ಥೆಯವರು ಸರ್ನ್ ಅನ್ನುವ ದೊಡ್ಡ ವಿಜ್ಞಾನ ಕೇಂದ್ರದ ಜೊತೆ ಸೇರಿ 2024ರಲ್ಲಿ 'ಏರಿಯಾ' ಅಂತ ಒಂದು ಲೆಕ್ಕದ ಸಾಧನ ಇಂಟರ್ನೆಟ್ಟಲ್ಲಿ ಇಟ್ಟಿದ್ದಾರೆ, ರೂಮಿನ ಅಳತೆ, ಜನ, ಗಾಳಿ ಹಾಕಿದ್ರೆ ಅಪಾಯ ಎಷ್ಟು ಅಂತ ಹೇಳ್ತದೆ. ರೂಮಿನ ಜಾಗದಲ್ಲಿ ನಮ್ಮ ಬಸ್ಸಿನ ಅಳತೆ ಹಾಕಿ ನೋಡ್ಲಿಕ್ಕೆ ಯಾವ ಕ್ಲರ್ಕಿಗೂ ಆಗ್ತದೆ.

ಮಾಸ್ಕ್ ಹಾಕಿ ಅಂತ ನಮಗೆ ಹೇಳ್ಬೇಡಿ, ಅಮ್ಮ ಹಾಕ್ತಾರೆ, ನಾನೂ ಹಾಕ್ತೇನೆ. ಒಂದೂವರೆ ಗಂಟೆ ಕಳೆಯುವಾಗ ಬೆವರಿಗೆ ಅದು ಒದ್ದೆ ಚಂಡಿ ಆಗಿ ಮೂಗಿಗೆ ಅಂಟ್ತದೆ, ವಾಂತಿ ಬಂದಾಗ ಕೀಳ್ಬೇಕಾಗ್ತದೆ, ಕೀಮೋ ಆದ ದಿನ ವಾಪಸ್ ಬರುವಾಗ ಅದು ದಾರಿಯಲ್ಲಿ ಎರಡು ಸಲ ಆಗ್ತದೆ.

ಅಮ್ಮನ ಮುಂದಿನ ಡೇಟು ಬರುವ ಹದಿನೇಳಕ್ಕೆ. ಏಳು ಗಂಟೆಯ ಬಸ್ಸು, ಬಲಬದಿ ಹಿಂದಿನಿಂದ ಮೂರನೇ ಸೀಟು ಸಿಕ್ಕಿದ್ರೆ ಅಲ್ಲೇ ಕೂತಿರ್ತೇವೆ. ಮೀಟರ್ ನನ್ನ ಕೈಯಲ್ಲೇ ಇರ್ತದೆ. ನಿಮ್ಮಲ್ಲಿ ಯಾರಾದ್ರೂ ಬಂದ್ರೆ ತೋರಿಸ್ತೇನೆ, ಬೇಕಾದ್ರೆ ಒಂದು ತಿಂಗಳಿಗೆ ಇಟ್ಕೊಳ್ಳಿ, ಬ್ಯಾಟರಿ ಮಾತ್ರ ನೀವು ಹಾಕ್ಬೇಕು.

ಇತಿ,
ಮಧೂರು ಕಡೆಯ ಒಬ್ಬ ಪ್ರಯಾಣಿಕ